ರಬ್ಬರಕ್ಕ ಅಳಿಸಿದ ಆರು ಪುಸ್ತಕ

ಅಂಚೆ ಕಚೇರಿಯ ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಉದ್ದನೆಯ ಒಂದು ಕೋಣೆ. ಎಡಗೋಡೆಯ ಮೊಳೆಗಳಲ್ಲಿ ನೇತುಬಿದ್ದ ಇಪ್ಪತ್ತೊಂದು ವಯಲಿನ್ನುಗಳು, ಕೆಳಗೆ ಕೊಳಲುಗಳ ಡ್ರಾಯರು, ಮೂಲೆಯಲ್ಲಿ ಚಕ್ರ ಕಟ್ಟಿದ ಎರಡು ಕೀಬೋರ್ಡು, ಬಲಗೋಡೆಗೆ ನೆಲದಿಂದ ಸೂರಿನವರೆಗೂ ಸ್ವರಲಿಪಿಯ ಪುಸ್ತಕಗಳು. ಊರಿನ ಮಕ್ಕಳು ಯಾರು ಬೇಕಾದರೂ ಬಂದು, ಚೀಟಿ ಬರೆಸಿ, ವಾದ್ಯವನ್ನೋ ಪುಸ್ತಕವನ್ನೋ ಮನೆಗೆ ಒಯ್ಯಬಹುದು. ಈ ಸಂಗೀತ ಸಾಮಗ್ರಿ ಕೇಂದ್ರದ ಮುಖ್ಯಸ್ಥರು ಯಾರು ಎಂದು ಪುರಸಭೆಯ ಕಡತದಲ್ಲಿ ಹುಡುಕಿದರೆ ಒಬ್ಬ ಅಧಿಕಾರಿ ಸಿಗುತ್ತಾರೆ. ಆ ಮಹಾನುಭಾವರು ವರ್ಷಕ್ಕೆ ಎರಡು ಸಲ ಬರುತ್ತಾರೆ, ಬಂದಾಗಲೆಲ್ಲ ಶೌಚಾಲಯ ಯಾವ ಕಡೆ ಎಂದು ಕೇಳುತ್ತಾರೆ. ನಿಜವಾದ ಯಜಮಾನಿ ಎಂದರೆ ಅದೇ ಕಡತದಲ್ಲಿ 'ಸಾಮಗ್ರಿ ಸಹಾಯಕಿ, ದರ್ಜೆ ಎರಡು' ಎಂದು ನಮೂದಾಗಿರುವ ರಬ್ಬರಕ್ಕ.

ಆ ಹೆಸರು ಮಕ್ಕಳು ಇಟ್ಟದ್ದು. ಎರವಲು ಹೋದ ಪುಸ್ತಕ ವಾಪಸ್ಸು ಬಂದ ಕೂಡಲೇ ಅದರಲ್ಲಿ ಯಾರು ಏನೇ ಗುರುತು ಹಾಕಿದ್ದರೂ ಅಳಿಸಿ, ಚೂರುಗಳನ್ನು ಚಿಕ್ಕ ಬ್ರಷ್ಷಿನಿಂದ ಗುಡಿಸಿ, ಆಮೇಲೆಯೇ ಅದನ್ನು ಕಪಾಟಿಗೆ ಸೇರಿಸುವುದು ಅವಳ ಕಟ್ಟುನಿಟ್ಟು. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂದು ಪುಟದ ಮೇಲೆ ಗೀಚಿಕೊಳ್ಳುವುದು ಮಾಮೂಲಿ. ಗೀಚಲಿ, ಅದಕ್ಕೆ ರಬ್ಬರಕ್ಕನ ತಕರಾರಿಲ್ಲ. ಆದರೆ ಪೆನ್ನು ಮುಟ್ಟಕೂಡದು, ಮೆತ್ತನೆಯ ಪೆನ್ಸಿಲ್ಲೇ ಆಗಬೇಕು, ಒತ್ತಿ ಬರೆಯಬಾರದು. ಒತ್ತಿ ಬರೆದವರ ಕಿವಿ ಹಿಂಡದೆ ಬಿಟ್ಟವಳಲ್ಲ. "ಹೋದವರ ಉಸಿರು ಬರೋವ್ರಿಗೆ ಯಾಕ್ರೋ? ಅವರ ಉಸಿರು ಅವರೇ ಹುಡುಕ್ಕೊಳ್ಳಲಿ" ಎನ್ನುತ್ತಿದ್ದಳು.

ಎರಡು ತಿಂಗಳ ಮಟ್ಟಿಗೆ ಪುಸ್ತಕ ಎಣಿಸಲು ಬಂದವಳು ಇಪ್ಪತ್ತಾರು ವರ್ಷದಿಂದ ಅಲ್ಲೇ ಬೇರುಬಿಟ್ಟಿದ್ದಳು. ಹುಡುಗಿಯಾಗಿದ್ದಾಗ ಒಂದು ಗಾಯನ ವೃಂದದಲ್ಲಿ ಎರಡನೆಯ ಸಾಲಿನಲ್ಲಿ ನಿಂತು ಹಾಡಿದ್ದುಂಟು. ಶ್ರುತಿ ತಪ್ಪುತ್ತಿರಲಿಲ್ಲ, ಆದರೆ ಯಾರೂ ತಿರುಗಿ ನೋಡುತ್ತಲೂ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಕಿಂಚಿತ್ತೂ ಕೊರಗಿಲ್ಲ. ವಯಲಿನ್ನಿನ ತಂತಿ ಬದಲಿಸುವುದರಲ್ಲಿ, ಕೊಳಲಿನ ಬಿರುಕು ಮುಚ್ಚುವುದರಲ್ಲಿ, ಯಾವ ಮಗುವಿನ ಕೈಗೆ ಯಾವ ವಾದ್ಯ ಒಗ್ಗುತ್ತದೆ ಎಂದು ಒಂದೇ ನೋಟಕ್ಕೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಗೊತ್ತಿತ್ತು, ಅದನ್ನು ಮುಚ್ಚಿಡುವ ವಿನಯವೂ ಇರಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಸುತ್ತೋಲೆ ಬಂತು. ಶಾಲೆಯಲ್ಲಿ ಓದಲಿ ಬಿಡಲಿ, ಹತ್ತೊಂಬತ್ತು ತುಂಬದ ಯಾರೇ ಆದರೂ ಕಲಾ ಪ್ರಮಾಣಪತ್ರ ಗಳಿಸಬಹುದು, ಪರೀಕ್ಷೆ ಬರೆಯಬೇಕಿಲ್ಲ, ಮಾಡಿದ ಕೆಲಸದ ಪುರಾವೆ ತೋರಿಸಿದರೆ ಸಾಕು ಎಂದು ಅದರಲ್ಲಿತ್ತು. ನಾಲ್ಕು ಭಾಗ: ತಾನೇ ಹಾಡಿದ್ದು ಅಥವಾ ನುಡಿಸಿದ್ದು, ಬೇರೆಯವರದನ್ನು ಕೇಳಿ ವಿಮರ್ಶೆ ಬರೆದದ್ದು, ಒಬ್ಬ ಕಲಾವಿದರ ಬಗ್ಗೆ ಹುಡುಕಿ ತಿಳಿದದ್ದು, ಕೊನೆಗೆ, ಒಂದು ಗುಂಪಿಗೆ ಕಲಿಸಿ ನಡೆಸಿದ್ದು. ಅಧಿಕಾರಿಗಳು ಸುತ್ತೋಲೆಗೆ ಸಹಿ ಹಾಕಿ ಮೂಲೆಗೆ ತಳ್ಳಿದರು. ರಬ್ಬರಕ್ಕ ಎತ್ತಿಕೊಂಡು ಓದಿದಳು, ಓದಿ ಸುತ್ತ ನೋಡಿದಳು. ಬೇಕಾದದ್ದೆಲ್ಲ ಈ ಕೋಣೆಯಲ್ಲೇ ಇದೆಯಲ್ಲ! ಅಂದಿನಿಂದ ಅವಳು ಪೆಟ್ಟಿಗೆ ಕಟ್ಟಲು ಶುರುಮಾಡಿದಳು. ಒಂದು ಮಗುವಿಗೆ ಒಂದು ಪೆಟ್ಟಿಗೆ: ಕೇಳಬೇಕಾದ ಧ್ವನಿಮುದ್ರಿಕೆ, ಹೆಡ್‌ಫೋನು, ಹಾಡಿನ ಪುಸ್ತಕ, ಖಾಲಿ ದಿನಚರಿ, ಹಳೆಯ ಕಾರ್ಯಕ್ರಮಗಳ ಹಾಳೆಗಳ ಬೆನ್ನಿಗೆ ಅವಳೇ ಬರೆದ ಪಾಠಗಳು. ಇಲ್ಲಿಯವರೆಗೆ ನಲವತ್ತಮೂರು ಮಕ್ಕಳು ಪ್ರಮಾಣಪತ್ರ ಪಡೆದಿದ್ದರು. ಒಬ್ಬರೂ ಫೇಲಾಗಿರಲಿಲ್ಲ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ನಲವತ್ತನಾಲ್ಕನೆಯವಳು ಲಾಂಡ್ರಿ ಹುಡುಗಿ. ಮೊದಲ ದಿನ ಬಂದಾಗ ಅವಳ ಎರಡೂ ತೋಳು ಮೊಣಕೈವರೆಗೆ ಒದ್ದೆಯಾಗಿದ್ದವು. ಬಾಗಿಲಲ್ಲೇ ನಿಂತು, "ಇಲ್ಲಿ ಹಾಡು ಎರವಲು ಸಿಗುತ್ತಂತೆ, ನಿಜಾನಾ?" ಎಂದಳು.

"ಕೈ ಒರೆಸ್ಕೊಂಡು ಬಂದ್ರೆ ಸಿಗುತ್ತೆ" ಎಂದಿದ್ದಳು ರಬ್ಬರಕ್ಕ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹುಡುಗಿಯೂ ಅವಳ ತಾಯಿಯೂ ಕೆಲಸಕ್ಕಿದ್ದರು. ಹದಿನೈದರಲ್ಲಿ ಶಾಲೆ ಬಿಟ್ಟಿದ್ದಳು. ಬಟ್ಟೆ ಮಡಿಸುವ ಕೋಣೆಯಲ್ಲಿ ಊಟದ ಬಿಡುವಿನಲ್ಲಿ ಐದಾರು ಜನ ಹಾಡುವುದಿತ್ತು. ಹಾಡುವುದು ಎಂದರೆ ಎಲ್ಲರೂ ಒಟ್ಟಿಗೆ ಕೂಗುವುದು, ಅಷ್ಟೇ. ಹುಡುಗಿ ರಬ್ಬರಕ್ಕನ ಪೆಟ್ಟಿಗೆಯಿಂದ ಕಲಿತು, ಆ ಕೂಗಾಟವನ್ನು ಮೂರು ಧ್ವನಿಯಾಗಿ ಬಿಡಿಸಿದಳು. ಒಂದೊಂದು ಧ್ವನಿಗೆ ಇಬ್ಬರು, ಒಟ್ಟು ಆರು ಜನ, ಆರು ಪುಸ್ತಕ. ಅವರಲ್ಲಿ ಸ್ವರಲಿಪಿ ಓದಲು ಬರುವವರು ಯಾರೂ ಇರಲಿಲ್ಲ, ಸಾಹಿತ್ಯ ಓದಲು ಬರುತ್ತಿತ್ತು. ಹಾಗಾಗಿ ಹುಡುಗಿ ಒಂದೊಂದು ಪುಸ್ತಕದಲ್ಲೂ ಪದಗಳ ತಲೆಯ ಮೇಲೆ ಗುರುತು ಹಾಕಿಕೊಟ್ಟಳು: ಉಸಿರಿಗೆ ಒಂದು ಗೀಟು, ತಡೆಯುವಲ್ಲಿ ಸೊನ್ನೆ, ಪಕ್ಕದವರಿಗೆ ಕಿವಿ ಕೊಡಬೇಕಾದಲ್ಲಿ ಅಡಿಗೆರೆ. ಎರಡು ತಿಂಗಳು ದಿನವೂ ಹಾಡಿಸುತ್ತ, ತಪ್ಪಿದ್ದನ್ನು ತಿದ್ದುತ್ತ, ಗುರುತು ಬದಲಿಸುತ್ತ ಹೋದಳು. ತಾಯಿಯ ವಯಸ್ಸಿನವರೆಲ್ಲ ಅವಳನ್ನು ಟೀಚರಮ್ಮ ಎಂದು ರೇಗಿಸುತ್ತಿದ್ದರು, ರೇಗಿಸುತ್ತಲೇ ಹೇಳಿದಂತೆ ಕೇಳುತ್ತಿದ್ದರು.

ಪ್ರಮಾಣಪತ್ರದ ನಾಲ್ಕನೆಯ ಭಾಗಕ್ಕೆ ಆ ಗುರುತುಗಳೇ ಪುರಾವೆ. ಮಡಿಸುವ ಕೋಣೆಯೊಳಗೆ ಫೋನ್ ಒಯ್ಯುವಂತಿರಲಿಲ್ಲ, ವಿಡಿಯೊ ಮಾಡುವ ಮಾತೇ ಇಲ್ಲ. ಸಂಗೀತ ಶಿಕ್ಷಕಿಯರ ತರಬೇತಿ ಶಾಲೆಯೊಂದು, ಕಲಾ ಪ್ರಮಾಣಪತ್ರ ಇದ್ದರೆ ಶಾಲೆಯ ಅಂಕಪಟ್ಟಿ ಇಲ್ಲದಿದ್ದರೂ ಸೇರಿಸಿಕೊಳ್ಳುವುದಾಗಿ ಹೇಳಿತ್ತು. ಪ್ರಮಾಣಪತ್ರಕ್ಕೆ ಹತ್ತೊಂಬತ್ತು ತುಂಬಿರಬಾರದು. ಹುಡುಗಿಗೆ ಇನ್ನು ಏಳು ವಾರಕ್ಕೆ ತುಂಬುತ್ತಿತ್ತು. ಪುರಾವೆ ನೋಡಿ ತೀರ್ಮಾನಿಸುವ ಪರಿಶೀಲಕರು ವರ್ಷಕ್ಕೊಮ್ಮೆ ಬರುವವರು. ಈ ಸಲ ತಪ್ಪಿದರೆ ಮುಂದೆ ಲಾಂಡ್ರಿಯೇ ಗತಿ.

ಪರಿಶೀಲಕರು ಬರಲು ಐದು ದಿನ ಇರುವಾಗ ಹುಡುಗಿ ಮಧ್ಯಾಹ್ನ ಓಡಿಬಂದಳು. "ಫೋಟೊಕಾಪಿ ಆಯ್ತಾ ಅಕ್ಕ? ಫೈಲಿಗೆ ಹಾಕ್ಬೇಕು."

"ಯಾವುದರದ್ದು?"

"ನನ್ನ ಆರು ಪುಸ್ತಕದ್ದು. ನೆನ್ನೆ ಬೆಳಿಗ್ಗೆ ಪಾಳಿಗೆ ಹೋಗೋವಾಗ ಹೊರಗಿನ ಡಬ್ಬಿಗೆ ಹಾಕಿದ್ನಲ್ಲ."

ನಿನ್ನೆ ಬೆಳಿಗ್ಗೆ ಬಾಗಿಲು ತೆರೆದ ರಬ್ಬರಕ್ಕ, ವಾಪಸ್ಸು ಬರುವ ಪುಸ್ತಕಗಳ ಆ ಡಬ್ಬಿಯಲ್ಲಿದ್ದುದನ್ನೆಲ್ಲ ತೆಗೆದು, ರೇಡಿಯೊ ಕೇಳುತ್ತ, ಹನ್ನೊಂದು ಗಂಟೆಯೊಳಗೆ ಎಲ್ಲವನ್ನೂ ಅಳಿಸಿ ಮುಗಿಸಿದ್ದಳು. ಎದ್ದು ಹೋಗಿ ಕಪಾಟಿನಿಂದ ಆರೂ ಪುಸ್ತಕ ತಂದಳು. ಬಿಡಿಸಿ ನೋಡಿದರೆ ಪುಟಗಳು ಇಂದೇ ಅಂಗಡಿಯಿಂದ ಬಂದ ಹಾಗಿದ್ದವು.

ಹುಡುಗಿ ಒಂದನ್ನು ಬಿಡಿಸಿದಳು, ಇನ್ನೊಂದನ್ನು ಬಿಡಿಸಿದಳು. ಮೂರನೆಯದನ್ನು ಬಿಡಿಸಲಿಲ್ಲ.

"ಒಂದು ಚೀಟಿ ಇಡೋದಲ್ವೇನೇ?" ಎಂದಳು ರಬ್ಬರಕ್ಕ. ತಪ್ಪು ಮಾಡಿದವರು ಮೊದಲು ಆಡುವ ಮಾತು ಅದೇ ತಾನೆ.

"ಅಳಿಸೋಕೆ ಮುಂಚೆ ಕಾಪಿ ಬೇಕು ಅಂತ ಹೋದ ವಾರ ನಿಮಗೇ ಹೇಳಿದ್ದೆ. ನೀವು ಬಾಯಲ್ಲಿ ದಾರ ಕಚ್ಕೊಂಡು ಏನೋ ಕಟ್ತಾ ಇದ್ರಿ. 'ಡಬ್ಬಿಗೆ ಹಾಕು, ನಾನು ನೋಡ್ಕೋತೀನಿ' ಅಂದ್ರಿ."

ಅಂದಿದ್ದಳು. ಆ ದಾರವೂ ನೆನಪಾಯಿತು, ಕಟ್ಟುತ್ತಿದ್ದ ವಯಲಿನ್ನಿನ ನಂಬರೂ ನೆನಪಾಯಿತು. ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. "ನನಗೆ ಪಾಳಿ ಇದೆ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ರಬ್ಬರಕ್ಕನಿಗೆ ನಾಚಿಕೆಯಾಯಿತು. ಐವತ್ತನಾಲ್ಕರ ವಯಸ್ಸಿನಲ್ಲಿ, ಅದೂ ತನ್ನದೇ ಕೋಣೆಯಲ್ಲಿ, ಮುಖ ಎತ್ತಲಾಗದಂಥ ನಾಚಿಕೆ ಆದದ್ದು ಅದೇ ಮೊದಲು.

ಆದರೆ ಕೈಚೆಲ್ಲಿ ಕೂರುವ ಜಾಯಮಾನ ಅವಳದಲ್ಲ. ಮೊದಲು ಮೇಜಿನ ದೀಪವನ್ನು ಓರೆಯಾಗಿಸಿ ಪುಟಗಳನ್ನು ನೋಡಿದಳು. ಒತ್ತಿ ಬರೆದಿದ್ದರೆ ಅಳಿಸಿದ ಮೇಲೂ ಕಾಗದದಲ್ಲಿ ಗೀರು ಉಳಿಯುತ್ತದೆ, ಓರೆ ಬೆಳಕಿಗೆ ಕಾಣುತ್ತದೆ. ಆರೂ ಪುಸ್ತಕ ತಿರುವಿದಳು, ಒಂದು ಗೀರೂ ಇಲ್ಲ. ಈ ಹುಡುಗಿ ಹೇಳಿದ ಮಾತು ಕೇಳುವವಳು. ಹಗುರವಾಗಿ ಬರೆ ಎಂದು ಹೇಳಿಕೊಟ್ಟಿದ್ದಳಲ್ಲ ರಬ್ಬರಕ್ಕ, ಹಾಗೇ ಹಗುರವಾಗಿ ಬರೆದಿದ್ದಳು. ತಂಟೆಕೋರ ಮಕ್ಕಳ ಪುಸ್ತಕವಾಗಿದ್ದರೆ ಎಲ್ಲ ಸಿಗುತ್ತಿತ್ತು.

ಆಮೇಲೆ ಅಧಿಕಾರಿಗೆ ಫೋನ್ ಮಾಡಿದಳು. ಅವರು ಊಟದಲ್ಲಿದ್ದರು. "ಅದಕ್ಕೇನಂತೆ, ಪುಸ್ತಕ ಕಳೆದುಹೋಯ್ತು ಅಂತ ಬರೆದು ಕೊಟ್ಬಿಡಿ. ಪರಿಶೀಲಕರು ಬೇರೆ ಏನಾದ್ರೂ ನೋಡ್ಕೋತಾರೆ" ಎಂದರು.

"ಕಳೆದಿಲ್ಲ ಸಾರ್, ನನ್ನ ಮುಂದೇನೇ ಇದೆ."

"ಹಾಗಾದ್ರೆ ಯಾರಿಗೂ ಕಾಣದ ಹಾಗೆ ಒಳಗಿಡಿ" ಎಂದರು ಅವರು. ರಬ್ಬರಕ್ಕ ಫೋನ್ ಇಟ್ಟಳು. ಮನಸ್ಸಿನಲ್ಲಿ ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಮರುದಿನ ಇನ್ನೊಂದು ಯೋಚನೆ ಬಂತು, ಅದು ಕೆಟ್ಟ ಯೋಚನೆ. ಅಳಿಸುವಾಗ ಅವಳು ಪ್ರತಿ ಗುರುತನ್ನೂ ನೋಡುತ್ತಾಳೆ, ನೋಡದೆ ಅಳಿಸಿದರೆ ಅರ್ಧ ಉಳಿದುಬಿಡುತ್ತದೆ. ಹಾಗಾಗಿ ಆರು ಪುಸ್ತಕಗಳ ಗುರುತುಗಳೂ ಹೆಚ್ಚುಕಡಿಮೆ ನೆನಪಿದ್ದವು. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು ಮೊದಲ ಪುಟದಲ್ಲಿ ಒಂದು ಗೀಟು ಹಾಕಿದಳು, ಇನ್ನೊಂದು ಹಾಕಿದಳು, ಹನ್ನೊಂದು ಹಾಕಿದಳು. ಹಿಂದಕ್ಕೆ ಸರಿದು ನೋಡಿದಳು. ಹನ್ನೊಂದೂ ಒಂದೇ ಉದ್ದ, ಒಂದೇ ಓರೆ, ಸೈನಿಕರ ಸಾಲಿನಂತೆ. ಆ ಹುಡುಗಿಯ ಗೀಟುಗಳು ಹೀಗಿರಲಿಲ್ಲ, ಒಂದು ಕುಂಟುತ್ತಿತ್ತು, ಒಂದು ಹಾರುತ್ತಿತ್ತು. ಹೋಗಲಿ, ಹಾಗೇ ಕುಂಟಿಸಿ ಬರೆದರೂ ಅದು ಹುಡುಗಿಯ ಕೆಲಸ ಹೇಗಾಗುತ್ತದೆ? ನಲವತ್ತಮೂರು ಮಕ್ಕಳಿಗೆ 'ನಿನ್ನ ಕೈಯಲ್ಲಿ ಆದದ್ದನ್ನೇ ಫೈಲಿಗೆ ಹಾಕು' ಎಂದು ಬೈದವಳು ತಾನೇ. ಹನ್ನೊಂದನ್ನೂ ಅಳಿಸಿದಳು.

ಮನೆಯಲ್ಲಿ ಯಜಮಾನರು ಬಸ್ಸಿನ ಡ್ರೈವರು, ಮಾತಿನಲ್ಲಿ ಬ್ರೇಕಿಲ್ಲ. ಕಥೆಯನ್ನೆಲ್ಲ ಕೇಳಿ, "ಇಪ್ಪತ್ತಾರು ವರ್ಷದಲ್ಲಿ ನೀನು ಅಳಿಸದೇ ಬಿಟ್ಟಿರೋದು ನನ್ನೊಬ್ಬನ್ನೇ ನೋಡು" ಎಂದರು. ಬೇರೆ ದಿನವಾಗಿದ್ದರೆ ಇದಕ್ಕೆ ತಕ್ಕ ಉತ್ತರ ಸಿಗುತ್ತಿತ್ತು. ಅವಳು ಸುಮ್ಮನಿದ್ದುದನ್ನು ನೋಡಿ ಅವರಿಗೇ ಗಾಬರಿಯಾಯಿತು. ತಟ್ಟೆ ತಾವೇ ತೊಳೆದಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಡಬ್ಬಿಯಲ್ಲಿ ಒಂಬತ್ತು ಪುಸ್ತಕಗಳ ಕಟ್ಟೊಂದು ಬಂದಿತ್ತು, ಯಾವುದೋ ಶಾಲೆಯ ಗಾಯನ ವೃಂದದ್ದು. ಕೆಲಸ ನಿಲ್ಲುವ ಹಾಗಿಲ್ಲವಲ್ಲ. ಈ ಸಲ ಚೀಟಿಯನ್ನು ಎರಡು ಬಾರಿ ಓದಿ, ಅವರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಅಳಿಸಲು ಕೂತಳು. ಒಂದು ಪುಸ್ತಕದಲ್ಲಿ ಉಸಿರು ಎರಡನೆಯ ಪದಕ್ಕೆ, ಇನ್ನೊಂದರಲ್ಲಿ ನಾಲ್ಕನೆಯದಕ್ಕೆ, ಮತ್ತೊಂದರಲ್ಲಿ ಗುರುತೇ ಇಲ್ಲ, ಬದಲಿಗೆ ಮೀನಿನ ಚಿತ್ರ.

"ಥೂ, ಈ ನಾಯಕನ ಮಾತಿಗೆ ಒಬ್ಬರೂ ಕಿವಿ ಕೊಟ್ಟಿಲ್ಲ" ಎಂದು ಗೊಣಗಿದಳು.

ಗೊಣಗಿದವಳ ಕೈ ಅಲ್ಲೇ ನಿಂತಿತು. ಯಾವ ವೃಂದವನ್ನೂ ಕೇಳದೆ, ಅದರ ನಾಯಕನ ಮುಖ ನೋಡದೆ, ಅವನು ಹೇಗೆ ಹಾಡಿಸಿದ್ದಾನೆಂದು ಅವಳಿಗೆ ಗೊತ್ತಾಗುತ್ತಿದ್ದುದು ಹೀಗೇ ಅಲ್ಲವೆ? ಚೆನ್ನಾಗಿ ಕಲಿಸಿದ್ದರೆ ಎಲ್ಲ ಪುಸ್ತಕದಲ್ಲೂ ಗುರುತು ಒಂದೇ ಕಡೆ ಇರುತ್ತದೆ. ಹಾಗಾದರೆ ಲಾಂಡ್ರಿಯ ಆ ಆರು ಜನರ ಕೈಗೆ ಖಾಲಿ ಪುಸ್ತಕ ಕೊಟ್ಟು, ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ಕೂರಿಸಿದರೆ? ಹುಡುಗಿ ನಿಜವಾಗಿ ಕಲಿಸಿದ್ದರೆ ಒಂದೊಂದು ಧ್ವನಿಯ ಇಬ್ಬರ ಗುರುತುಗಳೂ ತಾವಾಗಿಯೇ ಒಂದೇ ಕಡೆ ಬೀಳಬೇಕು. ರಬ್ಬರಕ್ಕ ಬಾಗಿಲಿಗೆ ಬೀಗ ಹಾಕಿ ಹೊರಟಳು. ಕೆಲಸದ ಹೊತ್ತಿನಲ್ಲಿ ಅವಳು ಬೀಗ ಹಾಕಿದ್ದನ್ನು ಕಂಡು ಕೆಳಗಿನ ಅಂಚೆಯವರು, ಯಾರೋ ತೀರಿಕೊಂಡಿರಬೇಕು ಎಂದೇ ತಿಳಿದರು.

ಲಾಂಡ್ರಿಯ ಒಳಗೆ ಒಗೆಯುವ ಯಂತ್ರಗಳ ಸದ್ದಿಗೆ ನೆಲ ನಡುಗುತ್ತಿತ್ತು. ಮಡಿಸುವ ಕೋಣೆಯಲ್ಲಿ ಉದ್ದ ಮೇಜುಗಳು, ಇಬ್ಬಿಬ್ಬರು ಎದುರುಬದುರು ನಿಂತು ಹಾಸುಬಟ್ಟೆಯ ಮೂಲೆ ಹಿಡಿದು, ಜಾಡಿಸಿ, ಹೆಜ್ಜೆ ಮುಂದಿಟ್ಟು ಮಡಿಸುತ್ತಿದ್ದರು. ಮೂಲೆಯಲ್ಲಿ ಆ ಆರು ಜನರಲ್ಲೊಬ್ಬರಾದ ಇಸ್ತ್ರಿ ಅಜ್ಜ, ಹಬೆಯ ನಡುವೆ ಅರ್ಧ ಕಾಣುತ್ತ, ಅರ್ಧ ಕಾಣದೆ. ರಬ್ಬರಕ್ಕ ಹುಡುಗಿಯನ್ನು ಪಕ್ಕಕ್ಕೆ ಕರೆದು ತನಗೆ ಹೊಳೆದದ್ದನ್ನು ಹೇಳಿದಳು. "ಪರಿಶೀಲಕರು ಒಪ್ಪುತ್ತಾರೋ ಇಲ್ವೋ ಗೊತ್ತಿಲ್ಲ. ಒಪ್ಪಿದ್ರೂ ಆರು ಜನಕ್ಕೂ ನೆನಪಿರಬೇಕು. ನೀನು ಬೇಡ ಅಂದ್ರೆ ಬೇಡ" ಎಂದಳು.

ಹುಡುಗಿ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. "ಇಸ್ತ್ರಿ ಅಜ್ಜನಿಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ. ನನ್ನ ಹಣೆಬರಹ ಅವರ ಕೈಲಿ ಕೊಡಬೇಕಾ?"

"ಹೌದು."

"ಸರಿ. ಆದ್ರೆ ಇನ್ನು ಅವರ ಜೊತೆ ಈ ಹಾಡು ಹಾಡಲ್ಲ, ಗುರುತಿನ ಮಾತೂ ಎತ್ತಲ್ಲ. ಈಗ ಹೇಳ್ಕೊಟ್ರೆ ಅದು ಬಾಯಿಪಾಠ ಆಗುತ್ತೆ. ಎರಡು ತಿಂಗಳಲ್ಲಿ ಹತ್ತಿದ್ದರೆ ಹತ್ತಿದೆ, ಇಲ್ಲಾಂದ್ರೆ ಇಲ್ಲ." ಕಡ್ಡಿ ಮುರಿದಂತೆ ಹೇಳಿ ಮೇಜಿಗೆ ಮರಳಿದಳು. ಅಕ್ಕ ಎಂದು ಒಂದು ಸಲವೂ ಕರೆಯಲಿಲ್ಲ. ರಬ್ಬರಕ್ಕನಿಗೆ ನೋವೂ ಆಯಿತು, ಈ ಹುಡುಗಿ ಗೆಲ್ಲಲೇಬೇಕು ಎಂಬ ಹಟವೂ ಹುಟ್ಟಿತು. ಮೇಲ್ವಿಚಾರಕಿಯ ಬಳಿ ಹೋಗಿ, ಆರು ಜನರಿಗೂ ಹುಡುಗಿಗೂ ಒಂದು ಗಂಟೆ ಬಿಡುವು ಕೇಳಿದಳು. ಕೇಳಿದ್ದು ಎನ್ನುವುದಕ್ಕಿಂತ ಹೇಳಿದ್ದು ಎನ್ನುವುದು ಸರಿ. ಮೇಲ್ವಿಚಾರಕಿಯ ಮಗಳೂ ಒಂದು ಕಾಲಕ್ಕೆ ರಬ್ಬರಕ್ಕನಿಂದ ಕೊಳಲು ಒಯ್ದವಳೇ.

ಪರಿಶೀಲಕರು ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಹುಡುಗಿಯೂ ಲಾಂಡ್ರಿಯ ಆರು ಜನರೂ ಆಗಲೇ ಕೇಂದ್ರಕ್ಕೆ ಬಂದು ಕೂತಿದ್ದರು. ತೆಳ್ಳನೆಯ ಹಿರಿಯರು, ನಿವೃತ್ತ ಮೇಷ್ಟರು, ನಗುವನ್ನು ಮನೆಯಲ್ಲೇ ಬಿಟ್ಟುಬಂದಂಥ ಮುಖ. ಹುಡುಗಿಯ ಫೈಲು ತಿರುವಿ, "ಮೂರು ಭಾಗ ಚೆನ್ನಾಗಿದೆ. ನಾಲ್ಕನೇದು ಎಲ್ಲಿ?" ಎಂದರು.

ಗುರುತುಗಳು ಇಲ್ಲದಿರುವ ಬಗ್ಗೆ ಹಿಂದಿನ ದಿನವೇ ಬರೆದಿಟ್ಟಿದ್ದ ಹೇಳಿಕೆಯನ್ನು ರಬ್ಬರಕ್ಕ ಅವರ ಮುಂದಿಟ್ಟಳು. ಅವರು ಓದಿದರು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಗುಂಪು ಬಂದಿದೆಯಲ್ಲ, ಹಾಡಿಸಿ ತೋರಿಸಬಹುದು ಅಂತೀರೇನೋ. ಹಾಡಿದ್ದು ನನಗೆ ಸಾಲದು. ಇವಳು ಹೇಗೆ ಹಾಡಿಸಿದಳು, ಏನು ಯೋಚನೆ ಮಾಡಿದಳು, ಎಲ್ಲಿ ಬದಲಾಯಿಸಿದಳು, ಅದು ಕಾಣಬೇಕು."

"ಕಾಣುತ್ತೆ ಸಾರ್. ಆರು ಜನರ ಕೈಗೆ ಖಾಲಿ ಪುಸ್ತಕ ಕೊಡಿ" ಎಂದು ರಬ್ಬರಕ್ಕ ತನ್ನ ಯೋಜನೆ ಹೇಳಿದಳು. "ಇಪ್ಪತ್ತಾರು ವರ್ಷದಿಂದ ಬೇರೆಯವರ ಗುರುತು ಅಳಿಸ್ತಾ ಬಂದಿದ್ದೀನಿ. ಯಾರು ಕಲಿಸಿದ್ದಾರೆ, ಯಾರು ಬರೀ ಕೈ ಬೀಸಿದ್ದಾರೆ ಅಂತ ನನಗೆ ಗೊತ್ತಾಗೋದು ಅದರಿಂದಲೇ. ನಿಮಗೂ ಗೊತ್ತಾಗುತ್ತೆ."

ಅವರು ಹೇಳಿಕೆಯನ್ನು ಇನ್ನೊಮ್ಮೆ ಓದಿ, ಒಪ್ಪಿದರು. ಷರತ್ತುಗಳನ್ನು ತಾವೇ ಹಾಕಿದರು. ಹುಡುಗಿ ಹೊರಗೆ ಮೆಟ್ಟಿಲ ಮೇಲೆ ಕೂರಬೇಕು, ಬಾಗಿಲು ಮುಚ್ಚಿರಬೇಕು. ಆರು ಜನ ಆರು ಕಡೆ ಕೂರಬೇಕು. ಮಾತಿಲ್ಲ, ಹಾಡಿಲ್ಲ, ಹದಿನೈದು ನಿಮಿಷ. "ನೀವೂ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ" ಎಂದರು ರಬ್ಬರಕ್ಕನಿಗೆ.

ತನ್ನದೇ ಕೋಣೆಯಲ್ಲಿ ಶಿಕ್ಷೆಗೆ ಗುರಿಯಾದ ಮಗುವಿನಂತೆ ರಬ್ಬರಕ್ಕ ವಯಲಿನ್ನುಗಳ ಕಡೆ ಮುಖ ಮಾಡಿ ಕೂತಳು. ಬೆನ್ನ ಹಿಂದೆ ಆರು ಪೆನ್ಸಿಲ್ಲುಗಳ ಸದ್ದು. ಮೊದಲು ತಡವರಿಸಿತು, ಆಮೇಲೆ ಒಂದೊಂದಾಗಿ ಲಯ ಹಿಡಿಯಿತು. ಯಾರದೋ ಮೂಗಿನಿಂದ ಸಣ್ಣಗೆ ರಾಗ ಹೊರಟಿತು, ಪರಿಶೀಲಕರು ಕೆಮ್ಮಿದರು, ರಾಗ ನಿಂತಿತು. ಅದು ಇಸ್ತ್ರಿ ಅಜ್ಜ ಎಂದು ನೋಡದೆಯೇ ಗೊತ್ತಾಯಿತು. ನೆನಪು ಮಾಡ್ಕೊಳ್ಳಪ್ಪ, ಇವತ್ತೊಂದು ದಿನ ನೆನಪು ಮಾಡ್ಕೊ ಎಂದು ರಬ್ಬರಕ್ಕ ಮನಸ್ಸಿನಲ್ಲೇ ಗೋಗರೆದಳು. ಯಾರನ್ನೂ ಗೋಗರೆದು ಅಭ್ಯಾಸವಿರಲಿಲ್ಲ ಅವಳಿಗೆ.

ಸಮಯ ಮುಗಿಯಿತು. ಪರಿಶೀಲಕರು ಪುಸ್ತಕಗಳನ್ನು ಜೋಡಿ ಜೋಡಿಯಾಗಿ ಮೇಜಿನ ಮೇಲೆ ಹರಡಿದರು. ಮೊದಲ ಧ್ವನಿಯ ಇಬ್ಬರದೂ ಒಂದೊಂದು ಗೀಟೂ ಒಂದೇ ಜಾಗದಲ್ಲಿತ್ತು. ಎರಡನೆಯ ಧ್ವನಿಯಲ್ಲಿ ಒಬ್ಬಾಕೆ ಒಂದು ಸೊನ್ನೆ ಮರೆತಿದ್ದಳು, ಉಳಿದದ್ದೆಲ್ಲ ಸರಿ. ಪರಿಶೀಲಕರ ಹುಬ್ಬು ಸ್ವಲ್ಪ ಮೇಲೇರಿತು. ಮೂರನೆಯ ಧ್ವನಿಯವರು ಹುಡುಗಿಯ ತಾಯಿ ಮತ್ತು ಇಸ್ತ್ರಿ ಅಜ್ಜ. ಅಲ್ಲಿ ಅವರ ಬೆರಳು ನಿಂತಿತು.

"ಇದೇನು? ಇಬ್ಬರದೂ ಒಂದೇ ಧ್ವನಿ. ಕೊನೆ ಸಾಲಿನ ಮಧ್ಯೆ ಇವರು ಉಸಿರು ತಗೊಳ್ತಾರೆ, ಇವರು ತಗೊಳ್ಳಲ್ಲ."

ಅಜ್ಜ ಕುರ್ಚಿಯಿಂದ ಅರ್ಧ ಎದ್ದರು. "ಅದು ಸಾರ್..." ಎಂದು ಬಾಯಿ ತೆರೆದರು. ಪರಿಶೀಲಕರು ಕೈ ಎತ್ತಿ ತಡೆದರು. ತಾಯಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು. ಎಲ್ಲ ಮುಗಿಯಿತು ಎಂದುಕೊಂಡಳು ರಬ್ಬರಕ್ಕ. ಆ ಸಾಲಿನ ಆ ಗೀಟನ್ನು ಅಳಿಸಿದ್ದು ಅವಳಿಗೆ ನೆನಪಿತ್ತು. ಒಂದರಲ್ಲಿದೆ, ಒಂದರಲ್ಲಿ ಇಲ್ಲ ಎಂದು ಆಗ ಅಂದುಕೊಂಡದ್ದೂ ನೆನಪಿತ್ತು. ಆದರೆ ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಈಗ ಬಾಯಿ ಬಿಡುವಂತಿರಲಿಲ್ಲ.

ಪರಿಶೀಲಕರು ಪುಸ್ತಕ ಮುಚ್ಚಿಟ್ಟು ಬಾಗಿಲು ತೆರೆದರು. ಹುಡುಗಿ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು.

"ನಿಮ್ಮ ಗುಂಪಿನಲ್ಲಿ ಒಂದು ಕಡೆ ಒಬ್ಬರ ಗುರುತು ಹೊಂದ್ತಾ ಇಲ್ಲ. ಎಲ್ಲಿ, ಯಾರದು ಅಂತ ನಾನು ಹೇಳಲ್ಲ."

ಹುಡುಗಿ ಎದ್ದು ಕೂಡ ನಿಲ್ಲಲಿಲ್ಲ. "ಕೊನೆ ಸಾಲಲ್ವಾ ಸಾರ್? ಅಜ್ಜನ ಪುಸ್ತಕ. ಅಲ್ಲಿ ಉಸಿರಿನ ಗುರುತು ಇರುತ್ತೆ, ಅಮ್ಮನದರಲ್ಲಿ ಇರಲ್ಲ. ಇರಬಾರದು."

"ಯಾಕೆ?"

"ಅಜ್ಜನದು ಮೂವತ್ತು ವರ್ಷ ಹಬೆ ಕುಡಿದ ಎದೆ ಸಾರ್, ಅಷ್ಟುದ್ದ ಸಾಲು ಎಳೆಯೋಕಾಗಲ್ಲ. ಮೊದಲು ಇಬ್ಬರಿಗೂ ಅಲ್ಲೇ ಉಸಿರು ಕೊಟ್ಟಿದ್ದೆ. ಇಬ್ಬರೂ ಒಟ್ಟಿಗೆ ನಿಲ್ಲಿಸಿದ್ರೆ ಹಾಡಿಗೆ ತೂತು ಬೀಳ್ತಿತ್ತು. ಆಮೇಲೆ ಅಮ್ಮನದು ತೆಗೆದು ಹಾಕಿದೆ. ಅಜ್ಜ ಕದ್ದು ಉಸಿರು ತಗೊಳ್ಳೋವಾಗ ಅಮ್ಮ ಎಳೀತಾ ಇರ್ತಾಳೆ, ಆಮೇಲೆ ಅಜ್ಜ ಮೆಲ್ಲಗೆ ಬಂದು ಸೇರ್ಕೋತಾರೆ. ಕೇಳೋರಿಗೆ ಗೊತ್ತೇ ಆಗಲ್ಲ. ಅಜ್ಜನ್ನ ಬಿಟ್ಟು ಹಾಡಿಸಬಹುದಿತ್ತು, ಮೇಲ್ವಿಚಾರಕಿ ಹಾಗೇ ಹೇಳಿದ್ರು. ನನಗೆ ಮನಸ್ಸಾಗಲಿಲ್ಲ."

ಪರಿಶೀಲಕರು ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ನಿಂತಲ್ಲೇ ಬರೆದುಕೊಂಡರು. ಬರೆದು ಮುಗಿಸಿ, ಎಲ್ಲರಿಗೂ ಕೇಳುವಂತೆ, "ನಾಲ್ಕನೇ ಭಾಗ, ಉತ್ತೀರ್ಣ" ಎಂದರು. ಇಸ್ತ್ರಿ ಅಜ್ಜ ಕುರ್ಚಿಯಲ್ಲಿ ಕುಸಿದು ಕೂತು, "ನಾನೇ ಕೆಡಿಸಿದೆ ಅಂದ್ಕೊಂಡೆನಲ್ಲಪ್ಪಾ" ಎಂದು ಗಳಗಳನೆ ಅತ್ತರು. ತಾಯಿ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ನಾಲ್ವರು ಮಡಿಸುವವರು ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡರು. ರಬ್ಬರಕ್ಕ ಮಾತ್ರ ದೂರ ನಿಂತಿದ್ದಳು. ಈ ಖುಷಿಯಲ್ಲಿ ತನಗೆ ಪಾಲಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಇನ್ನೊಂದು ಕೆಲಸ" ಎಂದರು ಪರಿಶೀಲಕರು. "ಮೂಲ ಪುರಾವೆ ಇಲ್ಲ ಅನ್ನೋದಕ್ಕೆ ಈ ಹೇಳಿಕೆ ಫೈಲಿನಲ್ಲಿ ಇರಬೇಕು. ಓದಿದ್ದೇನೆ, ಇದು ನಿಜ ಅಂತ ಅಭ್ಯರ್ಥಿಯ ಸಹಿ ಬೇಕು. ಅದಿಲ್ಲದೆ ಪ್ರಮಾಣಪತ್ರ ಬರಲ್ಲ."

ಹುಡುಗಿ ಕಾಗದ ತೆಗೆದುಕೊಂಡು ಓದಿದಳು. ಅಚ್ಚುಕಟ್ಟಾದ ಅಕ್ಷರದಲ್ಲಿ, 'ಸದರಿ ಆರು ಪುಸ್ತಕಗಳಲ್ಲಿನ ಗುರುತುಗಳು ಕಣ್ತಪ್ಪಿನಿಂದ ಅಳಿಸಿಹೋಗಿರುತ್ತವೆ' ಎಂದಿತ್ತು. ಓದಿ, ಪೆನ್ನನ್ನು ಮೇಜಿನ ಮೇಲಿಟ್ಟಳು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಸುಮ್ನೆ ಹಾಕೇ, ಕೈಗೆ ಬಂದಿದ್ದನ್ನ ಕಳ್ಕೋಬೇಡ" ಎಂದು ತಾಯಿ ಗದರಿದಳು.

"ಇದು ನಿಜ ಅಲ್ವಲ್ಲಮ್ಮ. ಅಳಿಸಿಹೋಗಿಲ್ಲ, ಇವರು ಅಳಿಸಿದ್ದು. ಕಣ್ಣೂ ತಪ್ಪಿಲ್ಲ. ಇವರ ಕಣ್ಣು ಯಾವತ್ತಾದ್ರೂ ತಪ್ಪಿದೆಯಾ? ಒಂದೊಂದೂ ನೋಡಿನೇ ಅಳಿಸಿದ್ದಾರೆ. ನೋಡಿ ಕಸ ಅಂದ್ಕೊಂಡ್ರು." ಐದು ದಿನದಿಂದ ಬಾರದ ಕಣ್ಣೀರು ಈಗ ಹುಡುಗಿಯ ಗಲ್ಲದ ಮೇಲಿಳಿಯಿತು. ಒರೆಸಿಕೊಳ್ಳಲಿಲ್ಲ.

ರಬ್ಬರಕ್ಕ ಬಂದು ಪೆನ್ನು ಎತ್ತಿಕೊಂಡಳು. ಅಧಿಕಾರಿಯ ಸುಳ್ಳಿಗೆ ಬಗ್ಗದವಳು ತಾನು ಎಂದು ಬೀಗಿದ್ದಳು, ಆದರೆ ತನಗೆ ಹಿತವಾದ ಒಂದು 'ಕಣ್ತಪ್ಪು' ತನ್ನ ಕೈಯಿಂದಲೇ ಜಾರಿ ಕಾಗದಕ್ಕೆ ಇಳಿದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಬರೆದ ಸಾಲನ್ನು ಹೊಡೆದುಹಾಕಿದಳು. ಕೆಳಗೆ ನಿಧಾನವಾಗಿ ಬರೆದಳು: 'ಕಸವೆಂದು ತಿಳಿದು, ಯಾರನ್ನೂ ಕೇಳದೆ, ನಾನೇ ಅಳಿಸಿದೆ. ಅದು ಈ ಹುಡುಗಿಯ ಎರಡು ತಿಂಗಳ ಕೆಲಸ.' ಹೆಸರು ಬರೆದು, ತಾರೀಕು ಹಾಕಿ, ಕಾಗದವನ್ನು ಹುಡುಗಿಯ ಕಡೆ ತಿರುಗಿಸಿದಳು. ಕೊನೆಯ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು.

ಹುಡುಗಿ ಎರಡು ಸಲ ಓದಿದಳು. ಸಹಿ ಹಾಕಿದಳು.

"ಈಗ ಸರಿಯಾಯ್ತು ಅಕ್ಕ" ಎಂದಳು.